ಮೋಸ ಹಿಡಿಯಲು ಬಂದವರು ಕರ್ನೆಲ್‌ನಲ್ಲೇ ಕೂತರೆ

2025ರ ಆಗಸ್ಟ್‌ನಲ್ಲಿ ಬ್ಯಾಟಲ್‌ಫೀಲ್ಡ್ 6ರ ಓಪನ್ ಬೀಟಾ ಬಂತು. ಎಷ್ಟೋ ಜನ ಡೌನ್‌ಲೋಡ್ ಮುಗಿಸಿ, ಹುರುಪಿನಿಂದ ಆಟ ತೆರೆದರು. ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇರುವ ಕೋಡ್ ಮಾತ್ರ ಬೂಟ್ ಆಗಲು ಬಿಡುವ ರಕ್ಷಣೆ) ಆನ್ ಮಾಡಿ ಬನ್ನಿ ಎಂದು ಆಟ ಅವರನ್ನು ಬಾಗಿಲಲ್ಲೇ ನಿಲ್ಲಿಸಿತು. ಅದನ್ನು ಆನ್ ಮಾಡಲು ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ, ಸರಿಯಾದ ಹೊತ್ತಿಗೆ ಸರಿಯಾದ ಕೀ ಒತ್ತಿ, ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್‌ಗಳಿರುವ ಬಯಾಸ್ ಮೆನುವಿನೊಳಗೆ ಹೋಗಬೇಕು. ಡಿಸ್ಕ್ ಹಳೆ ರೀತಿಯಲ್ಲಿ ಪಾರ್ಟಿಶನ್ ಆಗಿದ್ದರೆ ಮೊದಲು ಅದನ್ನೂ ಬದಲಿಸಿಕೊಳ್ಳಬೇಕು. ಅಲ್ಲಿ ಎಡವಿದರೆ ವಿಂಡೋಸೇ ತೆರೆಯುವುದಿಲ್ಲ. ಇಷ್ಟೆಲ್ಲ ಒಂದು ಆಟ ಆಡಲು.

ನಮ್ಮ ಕಂಪ್ಯೂಟರ್ ಹೇಗೆ ಬೂಟ್ ಆಗುತ್ತದೆ ಎಂಬುದು ಆಟದ ಕಂಪನಿಗೆ ಯಾಕೆ ಬೇಕು? ಕಾರಣ ಚೀಟಿಂಗ್. ಗೋಡೆಯ ಆಚೆ ನಿಂತವರನ್ನು ತೋರಿಸುವ ವಾಲ್‌ಹ್ಯಾಕ್, ತಾನೇ ಗುರಿ ಹಿಡಿಯುವ ಏಮ್‌ಬಾಟ್ ಇತ್ಯಾದಿಗಳನ್ನು ತಿಂಗಳ ಚಂದಾಕ್ಕೆ ಮಾರುವ ದೊಡ್ಡ ದಂಧೆಯೇ ಇದೆ. ಇಂಥದ್ದನ್ನು ಹಾಕಿಕೊಂಡ ಒಬ್ಬ ಬಂದರೆ ಉಳಿದವರೆಲ್ಲರ ಆಟ ಕೆಡುತ್ತದೆ. ಹಾಗಾಗಿ ಮೋಸ ಹಿಡಿಯುವ ಆಂಟಿ-ಚೀಟ್ ಪ್ರೋಗ್ರಾಂ ಬೇಕು ಎನ್ನುವುದರಲ್ಲಿ ಆಟಗಾರರಿಗೆ ತಕರಾರಿಲ್ಲ. ತಕರಾರು ಇರುವುದು ಅದು ಎಲ್ಲಿ ಕೂರಬೇಕು ಎನ್ನುವುದರಲ್ಲಿ.

ವಿಂಡೋಸ್‌ನಲ್ಲಿ ಪ್ರೋಗ್ರಾಂಗಳು ಎರಡು ಮಟ್ಟದಲ್ಲಿ ಓಡುತ್ತವೆ. ನಾವು ತೆರೆಯುವ ಬ್ರೌಸರ್, ವರ್ಡ್, ಆಟ, ಎಲ್ಲವೂ ಯೂಸರ್ ಮಟ್ಟದವು. ಇವಕ್ಕೆ ಮೆಮೊರಿ ಬೇಕೆಂದರೂ ಫೈಲ್ ಬೇಕೆಂದರೂ ಆಪರೇಟಿಂಗ್ ಸಿಸ್ಟಂ ಅನ್ನು ಕೇಳಬೇಕು. ಕರ್ನೆಲ್ ಎಂದರೆ ಕೇಳಿದ್ದನ್ನು ಕೊಡುವ, ಆಪರೇಟಿಂಗ್ ಸಿಸ್ಟಂನ ಒಳಗಿನ ಜಾಗ. ಅಲ್ಲಿ ಓಡುವ ಕೋಡ್‌ಗೆ ಇಡೀ ಯಂತ್ರ ಕೈಯಲ್ಲಿರುತ್ತದೆ. ಯಾವ ಪ್ರೋಗ್ರಾಂನ ಮೆಮೊರಿಯನ್ನಾದರೂ ನೋಡಬಹುದು, ಆಂಟಿವೈರಸ್‌ಗೂ ಕಾಣದಂತೆ ಇರಬಹುದು. ಗ್ರಾಫಿಕ್ಸ್ ಕಾರ್ಡ್, ನೆಟ್‌ವರ್ಕ್ ಕಾರ್ಡ್‌ಗಳನ್ನು ನಡೆಸುವ ಡ್ರೈವರ್ ಎಂಬ ಪ್ರೋಗ್ರಾಂಗಳು ಅಲ್ಲಿರುವುದು ಸರಿ, ಅವುಗಳ ಕೆಲಸವೇ ಅಂಥದ್ದು.

ಮೊದಲು ಚೀಟ್‌ಗಳೂ ಆಂಟಿ-ಚೀಟ್‌ಗಳೂ ಮೇಲಿನ ಯೂಸರ್ ಮಟ್ಟದಲ್ಲೇ ಇದ್ದವು. ವಾಲ್ವ್ ಕಂಪನಿಯ ವ್ಯಾಕ್ ಎಂಬ ಆಂಟಿ-ಚೀಟ್ 2002ರಿಂದ ಇದೆ, ಇವತ್ತಿಗೂ ಅದು ಯೂಸರ್ ಮಟ್ಟದಲ್ಲೇ ಕೆಲಸ ಮಾಡುತ್ತದೆ. ಆದರೆ ಚೀಟ್ ಬರೆಯುವವರು ಕರ್ನೆಲ್‌ಗೆ ಇಳಿದರು. ಮೇಲೆ ನಿಂತ ಆಂಟಿ-ಚೀಟ್‌ಗೆ ಕೆಳಗೆ ಕೂತ ಚೀಟ್ ಕಾಣುವುದಿಲ್ಲ. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎನ್ನುತ್ತಾರಲ್ಲ, ಇಲ್ಲಿ ನಡೆದದ್ದು ಅಕ್ಷರಶಃ ಅದೇ. ಬ್ಯಾಟಲ್‌ಐ, ಈಸಿ ಆಂಟಿ-ಚೀಟ್, ರಿಕೋಶೆ, ಜಾವೆಲಿನ್, ಎಲ್ಲವೂ ಈಗ ಕರ್ನೆಲ್‌ನಲ್ಲಿ ಡ್ರೈವರ್ ಇಟ್ಟುಕೊಂಡಿವೆ.

ಇವುಗಳಲ್ಲಿ ಜಾಸ್ತಿ ಗಲಾಟೆ ಎಬ್ಬಿಸಿದ್ದು ರಾಯಟ್ ಗೇಮ್ಸ್‌ನ ವ್ಯಾನ್‌ಗಾರ್ಡ್. 2020ರ ಏಪ್ರಿಲ್‌ನಲ್ಲಿ ವ್ಯಾಲೊರಂಟ್ ಆಟದ ಬೀಟಾ ಜೊತೆ ಬಂತು. ಬೇರೆಯವರ ಡ್ರೈವರ್‌ಗಳು ಸಾಮಾನ್ಯವಾಗಿ ಆಟ ತೆರೆದಾಗ ಏಳುತ್ತವೆ, ಮುಚ್ಚಿದಾಗ ಮಲಗುತ್ತವೆ. ವ್ಯಾನ್‌ಗಾರ್ಡ್‌ನ ಡ್ರೈವರ್ ಹಾಗಲ್ಲ. ಕಂಪ್ಯೂಟರ್ ಆನ್ ಆಗುವಾಗಲೇ ಅದೂ ಏಳುತ್ತದೆ. ನೀವು ಆಟ ಆಡಿ ತಿಂಗಳಾಗಿದ್ದರೂ, ಬರೀ ಲೆಕ್ಕಪತ್ರ ನೋಡಲು ಕೂತಿದ್ದರೂ ಅದು ಅಲ್ಲಿರುತ್ತದೆ. ತಡವಾಗಿ ಎದ್ದರೆ ಅಷ್ಟರಲ್ಲಿ ಚೀಟ್ ಒಳಗೆ ಬಂದು ಅಡಗಿರಬಹುದು, ಅದಕ್ಕೇ ಮೊದಲೇ ಏಳಬೇಕು ಎನ್ನುವುದು ರಾಯಟ್‌ನ ವಾದ. ತಾಂತ್ರಿಕವಾಗಿ ಈ ವಾದ ಸರಿಯೇ.

ವ್ಯಾನ್‌ಗಾರ್ಡ್ ಇರುವ ಕಂಪ್ಯೂಟರ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಮೂಲೆಯಲ್ಲಿ ಐಕಾನ್ ತೋರಿಸುವ ಅದರ ಸಣ್ಣ ಪ್ರೋಗ್ರಾಂ ಪಟ್ಟಿಯಲ್ಲಿ ಸಿಗುತ್ತದೆ. ಮುಖ್ಯ ಆಸಾಮಿ, ಅಂದರೆ ವಿಜಿಕೆ ಎಂಬ ಡ್ರೈವರ್, ಅಲ್ಲಿ ಸಿಗುವುದಿಲ್ಲ. ಟಾಸ್ಕ್ ಮ್ಯಾನೇಜರ್ ಡ್ರೈವರ್‌ಗಳನ್ನು ತೋರಿಸುವುದೇ ಇಲ್ಲ. ಸಿಸ್ಟಂ ಇನ್ಫರ್ಮೇಶನ್ ತೆರೆದು, ಸಾಫ್ಟ್‌ವೇರ್ ಎನ್ವಿರಾನ್‌ಮೆಂಟ್ ಅಡಿಯಲ್ಲಿ ಸಿಸ್ಟಂ ಡ್ರೈವರ್ಸ್ ಒತ್ತಿದರೆ ಉದ್ದ ಪಟ್ಟಿಯ ನಡುವೆ ಅದರ ಹೆಸರು ಕಾಣುತ್ತದೆ. ಇದೆಯೋ ಇಲ್ಲವೋ, ಓಡುತ್ತಿದೆಯೋ ಇಲ್ಲವೋ ಎಂಬಷ್ಟು ಅಲ್ಲಿ ತಿಳಿಯುತ್ತದೆ. ಏನು ಮಾಡುತ್ತಿದೆ ಎಂದು ಹೇಳುವ ಕಾಲಂ ಇಲ್ಲ.

ಶುರುವಿನ ದಿನಗಳಲ್ಲಿ ಪ್ರೊಸೆಸರ್ ಬಿಸಿ ಅಳೆಯುವಂಥ ಕೆಲವು ಪ್ರೋಗ್ರಾಂಗಳ ಡ್ರೈವರ್‌ಗಳನ್ನೂ ವ್ಯಾನ್‌ಗಾರ್ಡ್ ತಡೆಯಿತು. ಅವುಗಳಲ್ಲಿ ದೋಷವಿತ್ತು, ಚೀಟ್‌ಗಳು ಅದೇ ದಾರಿಯಲ್ಲಿ ಒಳಗೆ ಬರಬಹುದಿತ್ತು ಎಂಬುದು ನಿಜ. ಆದರೂ ನಮ್ಮ ಯಂತ್ರದಲ್ಲಿ ಯಾವುದು ಓಡಬೇಕು ಎಂದು ಆಟದ ಕಂಪನಿ ಹೇಳುವುದು ಅತಿಯಾಯಿತು ಅಲ್ವಾ ಎಂದು ಜನ ಕೇಳಿದರು. ರಾಯಟ್ ಸ್ವಲ್ಪ ಸಡಿಲ ಮಾಡಿತು, ವ್ಯಾನ್‌ಗಾರ್ಡನ್ನು ಆಫ್ ಮಾಡುವ ಅವಕಾಶವನ್ನೂ ಕೊಟ್ಟಿತು. ಮತ್ತೆ ಆಡಬೇಕೆಂದರೆ ರೀಸ್ಟಾರ್ಟ್ ಮಾಡಬೇಕು, ಅಷ್ಟೆ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: ಇದು ನಮ್ಮ ಫೋಟೊ, ಪಾಸ್‌ವರ್ಡ್ ನೋಡುತ್ತದಾ?

ಇಲ್ಲಿ ಹೆಚ್ಚಿನ ಚರ್ಚೆ ದಾರಿ ತಪ್ಪುತ್ತದೆ. ನಿಮ್ಮ ಫೋಟೊ ನೋಡಲು ಕರ್ನೆಲ್‌ಗೆ ಇಳಿಯಬೇಕಿಲ್ಲ. ನೀವು ಇನ್‌ಸ್ಟಾಲ್ ಮಾಡಿದ ಯಾವ ಸಾಮಾನ್ಯ ಪ್ರೋಗ್ರಾಂ ಆದರೂ ನಿಮ್ಮ ಡಾಕ್ಯುಮೆಂಟ್ಸ್ ಫೋಲ್ಡರ್ ತೆರೆಯಬಹುದು, ಸ್ಕ್ರೀನ್‌ಶಾಟ್ ತೆಗೆಯಬಹುದು, ಒತ್ತಿದ ಕೀಗಳನ್ನು ಗಮನಿಸಬಹುದು. ಕದಿಯುವ ಮನಸ್ಸಿದ್ದ ಕಂಪನಿಗೆ ಇಷ್ಟೇ ಸಾಕು. ಆಟವನ್ನೇ ನಂಬಿ ಹಾಕಿಕೊಂಡ ಮೇಲೆ ಅದರ ಡ್ರೈವರ್ ಫೋಟೊ ಕದಿಯುತ್ತದೆ ಎಂದು ಹೆದರುವುದರಲ್ಲಿ ಅಷ್ಟು ಅರ್ಥವಿಲ್ಲ. ಕರ್ನೆಲ್‌ಗೆ ಇಳಿದಾಗ ಕೈತಪ್ಪುವುದು ಬೇರೆ ಎರಡು. ಒಂದು, ಅದು ಏನು ಮಾಡುತ್ತಿದೆ ಎಂದು ಹೊರಗಿನವರು ಪರೀಕ್ಷಿಸುವ ದಾರಿ. ಇನ್ನೊಂದು, ಆ ಬಾಗಿಲು ಬೇರೆಯವರ ಕೈಗೆ ಸಿಗದಂತೆ ತಡೆಯುವ ದಾರಿ.

ಹಿಂದೆ ಹೀಗೆ ಪರೀಕ್ಷಿಸಲು ಆಗುತ್ತಿತ್ತು. 2005ರಲ್ಲಿ ಗ್ರೆಗ್ ಹಾಗ್ಲಂಡ್ ಎಂಬ ಭದ್ರತಾ ತಜ್ಞ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ವಾರ್ಡನ್ ಎಂಬ ಆಂಟಿ-ಚೀಟ್ ಏನು ಮಾಡುತ್ತದೆ ಎಂದು ನೋಡಲು ತಾನೇ ಒಂದು ಪ್ರೋಗ್ರಾಂ ಬರೆದ. ವಾರ್ಡನ್ ತೆರೆದಿರುವ ಎಲ್ಲ ವಿಂಡೋಗಳ ತಲೆಬರಹ ಓದುತ್ತಿತ್ತು. ಚಾಟ್ ವಿಂಡೋದ ತಲೆಬರಹದಲ್ಲಿ ಗೆಳೆಯರ ಈಮೇಲ್ ವಿಳಾಸವಿದ್ದರೆ ಅದೂ ಓದಿದವುಗಳಲ್ಲಿ ಸೇರುತ್ತಿತ್ತು. ಓದಿದ್ದನ್ನು ಹ್ಯಾಶ್ ಮಾಡಿ, ಅಂದರೆ ಒಂದು ಗುರುತಿನ ಸಂಕೇತವಾಗಿ ಬದಲಿಸಿ, ಗೊತ್ತಿರುವ ಚೀಟ್‌ಗಳ ಪಟ್ಟಿ ಜೊತೆ ಹೋಲಿಸುತ್ತಿತ್ತು. ಡಿಜಿಟಲ್ ಹಕ್ಕುಗಳ ಪರ ನಿಲ್ಲುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಇದನ್ನು ಸ್ಪೈವೇರ್ ಎಂದೇ ಕರೆಯಿತು. ಅದೇ ವರ್ಷ ಇನ್ನೊಂದು ತಮಾಷೆ ನಡೆಯಿತು. ಸೋನಿ ಬಿಎಂಜಿ ತನ್ನ ಮ್ಯೂಸಿಕ್ ಸಿಡಿಗಳ ಜೊತೆ ಗುಟ್ಟಾಗಿ ರೂಟ್‌ಕಿಟ್, ಅಂದರೆ ಸಿಸ್ಟಂನ ಆಳದಲ್ಲಿ ಅಡಗಿ ಕೂರುವ ಪ್ರೋಗ್ರಾಂ, ಹಾಕುತ್ತಿದ್ದದ್ದು ಬಯಲಾಯಿತು. ವಾರ್‌ಕ್ರಾಫ್ಟ್‌ನಲ್ಲಿ ಚೀಟ್ ಮಾಡುವವರು ಅದೇ ರೂಟ್‌ಕಿಟ್ ಬಳಸಿಕೊಂಡು ವಾರ್ಡನ್ ಕಣ್ಣಿನಿಂದ ತಪ್ಪಿಸಿಕೊಂಡರು.

2014ರ ಫೆಬ್ರವರಿಯಲ್ಲಿ ವ್ಯಾಕ್ ಸರದಿ. ಅದು ನಮ್ಮ ಡಿಎನ್ಎಸ್ ಕ್ಯಾಶೆ ಓದುತ್ತಿದೆ, ಅಂದರೆ ಯಾವ ಸೈಟುಗಳಿಗೆ ಹೋಗಿದ್ದೇವೆ ಎಂಬುದನ್ನು ನೋಡುತ್ತಿದೆ ಎಂದು ಕೆಲವರು ಕೋಡ್ ಬಿಚ್ಚಿ ತೋರಿಸಿದರು. ವಾಲ್ವ್ ಮುಖ್ಯಸ್ಥ ಗೇಬ್ ನ್ಯೂವೆಲ್ ರೆಡಿಟ್‌ಗೆ ಬಂದು ತಾವೇ ವಿವರ ಕೊಟ್ಟರು. ಆ ವಿವರ ಮಜವಾಗಿದೆ. ಚೀಟ್ ಮಾರುವವರಿಗೂ ಪೈರಸಿ ಕಾಟ! ಹಾಗಾಗಿ ಕೊಂಡವರು ಹಣ ಕಟ್ಟಿದ್ದಾರಾ ಎಂದು ಅವರ ಚೀಟ್‌ಗಳು ಒಂದು ಸರ್ವರ್‌ಗೆ ಫೋನಾಯಿಸುತ್ತವೆ. ಕಂಪ್ಯೂಟರ್‌ನಲ್ಲಿ ಚೀಟ್ ಇದೆ ಎಂಬ ಗುಮಾನಿ ಬಂದ ಮೇಲೆ ಮಾತ್ರ, ಆ ಸರ್ವರ್‌ನ ವಿಳಾಸ ಕ್ಯಾಶೆಯಲ್ಲಿ ಇದೆಯಾ ಎಂದು ವ್ಯಾಕ್ ನೋಡುತ್ತಿತ್ತಂತೆ. ಸಿಕ್ಕರೆ ಅದರ ಹ್ಯಾಶ್ ವಾಲ್ವ್‌ಗೆ ಹೋಗುತ್ತಿತ್ತು. ಈ ಉಪಾಯ 13 ದಿನ ನಡೆಯಿತು, 570 ಜನ ಸಿಕ್ಕಿಬಿದ್ದರು. ಬ್ರೌಸಿಂಗ್ ಹಿಸ್ಟರಿ ನಮಗೆ ಬರುವುದಿಲ್ಲ ಎಂದು ನ್ಯೂವೆಲ್ ಖಡಾಖಂಡಿತ ಹೇಳಿದರು.

ಈ ಎರಡೂ ಸಲ ಹೊರಗಿನವರು ಒಳಗೆ ಇಣುಕಿ ನೋಡಿದ್ದರಿಂದಲೇ ಕಂಪನಿಗಳು ಬಾಯಿ ಬಿಟ್ಟವು. ಇವತ್ತಿನ ಆಂಟಿ-ಚೀಟ್‌ಗಳಲ್ಲಿ ಹಾಗೆ ಇಣುಕುವುದು ತುಂಬಾ ಕಷ್ಟ. ಚೀಟ್ ಬರೆಯುವವರಿಗೆ ಅರ್ಥವಾಗಬಾರದು ಎಂದು ಕೋಡನ್ನು ಬೇಕೆಂದೇ ಗೋಜಲು ಮಾಡಿರುತ್ತಾರೆ. ಕೆಲವು ಭಾಗಗಳು ಆಟ ನಡೆಯುವಾಗ ಸರ್ವರ್‌ನಿಂದ ಇಳಿದು ಬರುತ್ತವೆ. ಇವತ್ತು ಬಂದದ್ದೇ ನಾಳೆಯೂ ಬರಬೇಕೆಂದಿಲ್ಲ. 2024ರಲ್ಲಿ ಪ್ರಕಟವಾದ ಒಂದು ಸಂಶೋಧನಾ ಪ್ರಬಂಧ ನಾಲ್ಕು ಹೆಸರಾಂತ ಆಂಟಿ-ಚೀಟ್‌ಗಳನ್ನು ರೂಟ್‌ಕಿಟ್ ಲಕ್ಷಣಗಳ ಜೊತೆ ಹೋಲಿಸಿ ನೋಡಿತು. ವ್ಯಾನ್‌ಗಾರ್ಡ್ ಮತ್ತು ಆನ್‌ಲೈನ್ ಪಂದ್ಯ ನಡೆಸುವ ಫೇಸಿಟ್‌ನ ಆಂಟಿ-ಚೀಟ್, ಈ ಎರಡರ ನಡವಳಿಕೆ ರೂಟ್‌ಕಿಟ್‌ನಂತಿದೆ ಎಂದಿತು. ಅವು ಕೆಟ್ಟವು ಎಂದು ಇದರರ್ಥವಲ್ಲ. ಒಳ್ಳೆಯವು ಎಂದು ಖಚಿತ ಮಾಡಿಕೊಳ್ಳುವುದು ರೂಟ್‌ಕಿಟ್ ವಿಷಯದಲ್ಲಿ ಎಷ್ಟು ಕಷ್ಟವೋ ಇಲ್ಲೂ ಅಷ್ಟೇ ಕಷ್ಟ.

ವ್ಯಾನ್‌ಗಾರ್ಡ್ 2024ರಲ್ಲಿ ಲೀಗ್ ಆಫ್ ಲೆಜೆಂಡ್ಸ್‌ಗೂ ಬಂದಾಗ ಸ್ಕ್ರೀನ್‌ಶಾಟ್ ಮಾತು ಎದ್ದಿತು. ಇಡೀ ಸ್ಕ್ರೀನ್‌ನದ್ದು ತೆಗೆಯುವುದಿಲ್ಲ, ಅನುಮಾನ ಬಂದರೆ ಆಟದ ವಿಂಡೋ ಇರುವ ಜಾಗದ್ದು ಮಾತ್ರ ತೆಗೆಯುತ್ತೇವೆ ಎಂದು ರಾಯಟ್ ಉತ್ತರ ಕೊಟ್ಟಿತು. ಸ್ಪಷ್ಟವಾದ ಉತ್ತರವೇ. ನಾನು ಅದನ್ನು ನಂಬಲೂ ತಯಾರು. ಆದರೆ ಗಮನಿಸಿ, ನಂಬುವುದನ್ನು ಬಿಟ್ಟರೆ ನನಗೂ ನಿಮಗೂ ಬೇರೆ ದಾರಿ ಇಲ್ಲ.

ಸದ್ದಿಲ್ಲದೆ ನಡೆಯುವ ಇನ್ನೊಂದು ಕೆಲಸದ ಬಗ್ಗೆ ಯಾರೂ ಅಷ್ಟು ಮಾತಾಡುವುದಿಲ್ಲ. ಚೀಟ್ ಮಾಡಿದವನ ಅಕೌಂಟ್ ಮುಚ್ಚಿದರೆ ಅವನು ಹೊಸದು ತೆರೆಯುತ್ತಾನೆ. ಅದಕ್ಕೆ ಯಂತ್ರವನ್ನೇ ಬ್ಯಾನ್ ಮಾಡುತ್ತಾರೆ. ಯಂತ್ರವನ್ನು ಬ್ಯಾನ್ ಮಾಡಬೇಕೆಂದರೆ ಅದನ್ನು ಗುರುತು ಹಿಡಿಯಬೇಕು. ಡಿಸ್ಕ್‌ನ ಸೀರಿಯಲ್ ನಂಬರ್, ಮದರ್‌ಬೋರ್ಡ್ ನಂಬರ್, ನೆಟ್‌ವರ್ಕ್ ಕಾರ್ಡ್‌ನ ಮ್ಯಾಕ್ ವಿಳಾಸ, ಈಗೀಗ ಭದ್ರತೆಯ ಕೀಗಳನ್ನು ಇಟ್ಟುಕೊಳ್ಳುವ ಟಿಪಿಎಂ ಚಿಪ್‌ನ ಕೀ. ಇವನ್ನೆಲ್ಲ ಸೇರಿಸಿ ಒಂದು ಗುರುತು ಮಾಡಿಕೊಳ್ಳುತ್ತಾರೆ. ಬ್ರೌಸರ್‌ನ ಕುಕೀಗಳನ್ನು ಅಳಿಸಬಹುದು, ಫೋನ್ ನಂಬರ್ ಬದಲಿಸಬಹುದು. ಈ ಗುರುತು ಅಳಿಸಲು ಹಾರ್ಡ್‌ವೇರ್ ಬದಲಿಸಬೇಕು. ಯಾರೂ ಕದ್ದು ನೋಡದಿದ್ದರೂ, ಹೆಸರು ಬೇರೆ ಇಟ್ಟುಕೊಂಡು ಆಡುವ ಸ್ವಾತಂತ್ರ್ಯ ಇಲ್ಲಿಗೆ ಮುಗಿಯುತ್ತದೆ. ಫೋಟೊ ಕದಿಯುವ ಭಯಕ್ಕಿಂತ ನನ್ನನ್ನು ಜಾಸ್ತಿ ಕಾಡುವುದು ಇದೇ.

ಇನ್ನು ಬಾಗಿಲು ಬೇರೆಯವರ ಕೈಗೆ ಸಿಗುವ ವಿಷಯ. ಇದು ಸುಮ್ನೆ ಹೆದರಿಸುವ ಮಾತಲ್ಲ, ಆಗಿಹೋಗಿರುವುದು.

2016ರ ಸೆಪ್ಟೆಂಬರ್‌ನಲ್ಲಿ ಕ್ಯಾಪ್‌ಕಾಮ್ ಕಂಪನಿ ಸ್ಟ್ರೀಟ್ ಫೈಟರ್ 5ಕ್ಕೆ ಒಂದು ಅಪ್‌ಡೇಟ್ ಬಿಟ್ಟಿತು. ಮೋಸ ತಡೆಯಲೆಂದು ಅದರಲ್ಲಿ ಒಂದು ಕರ್ನೆಲ್ ಡ್ರೈವರ್ ಇತ್ತು. ಆ ಡ್ರೈವರ್ ಯಾವ ಪ್ರೋಗ್ರಾಂ ಕೇಳಿದರೂ ಅದರ ಕೋಡನ್ನು ಕರ್ನೆಲ್‌ನಲ್ಲಿ ಓಡಿಸಿಕೊಡುತ್ತಿತ್ತು. ಹಾಗೆ ಓಡಿಸಲು ಪ್ರೊಸೆಸರ್‌ನ ಒಂದು ರಕ್ಷಣೆಯನ್ನೇ ಆಫ್ ಮಾಡುತ್ತಿತ್ತು. ಜನ ಬೊಬ್ಬೆ ಹಾಕಿದ ಮೇಲೆ ಕಂಪನಿ ಅದನ್ನು ವಾಪಸ್ ತೆಗೆದುಕೊಂಡಿತು. ಡ್ರೈವರ್ ಮಾತ್ರ ಲೋಕದಲ್ಲಿ ಉಳಿದುಬಿಟ್ಟಿತು. ದಾಳಿಗಳನ್ನು ಪರೀಕ್ಷಿಸಲು ಬಳಸುವ ಮೆಟಾಸ್ಪ್ಲಾಯ್ಟ್ ಎಂಬ ಸಾಧನದಲ್ಲಿ ಅದಕ್ಕೇ ಒಂದು ಮಾಡ್ಯೂಲ್ ಇದೆ.

ಇದಕ್ಕಿಂತ ಕೆಟ್ಟದ್ದು 2022ರಲ್ಲಿ ನಡೆಯಿತು. ಗೆನ್‌ಶಿನ್ ಇಂಪ್ಯಾಕ್ಟ್‌ನ ಆಂಟಿ-ಚೀಟ್ ಡ್ರೈವರ್ 2020ರಲ್ಲೇ ಸುದ್ದಿಯಾಗಿತ್ತು. ಆಟ ಮುಚ್ಚಿದ ಮೇಲೂ ಅದು ಓಡುತ್ತಿರುತ್ತದೆ ಎಂದು ಆಟಗಾರರು ದೂರಿದ್ದರು. ಕಂಪನಿ ಅದನ್ನು ಸರಿಮಾಡಿತು. ಆದರೆ ಡ್ರೈವರ್‌ನಲ್ಲಿ ಬೇರೊಂದು ದೋಷವಿತ್ತು, ಅದೂ ಬಹಿರಂಗವಾಗಿ ಗೊತ್ತಿದ್ದ ದೋಷ. 2022ರ ಆಗಸ್ಟ್‌ನಲ್ಲಿ ಟ್ರೆಂಡ್ ಮೈಕ್ರೋ ಕಂಪನಿ ಒಂದು ರ್‍ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ) ದಾಳಿಯ ವಿವರ ಪ್ರಕಟಿಸಿತು. ದಾಳಿಕೋರರು ಮೊದಲು ಬೇರೆ ದಾರಿಯಲ್ಲಿ ನೆಟ್‌ವರ್ಕ್ ಒಳಗೆ ಬಂದಿದ್ದರು. ಆಮೇಲೆ ಈ ಡ್ರೈವರ್ ಫೈಲನ್ನು ತಾವೇ ಜೊತೆಗೆ ತಂದು ಹಾಕಿದರು. ಅದಕ್ಕೆ ಸರಿಯಾದ ಡಿಜಿಟಲ್ ಸಹಿ ಇದ್ದದ್ದರಿಂದ ವಿಂಡೋಸ್ ಅದನ್ನು ಒಳಗೆ ಬಿಟ್ಟಿತು. ಅದರ ಮೂಲಕ ಆಂಟಿವೈರಸ್ಸನ್ನು ಕೊಂದರು. ಕೊನೆಗೆ ಫೈಲುಗಳಿಗೆ ಬೀಗ ಜಡಿದರು. ಇದಕ್ಕೆ ಆ ಕಂಪ್ಯೂಟರ್‌ನಲ್ಲಿ ಗೆನ್‌ಶಿನ್ ಇರಬೇಕಾಗಿಯೇ ಇರಲಿಲ್ಲ. ಆ ಆಟದ ಹೆಸರೇ ಕೇಳದವರ ಆಫೀಸಿನಲ್ಲೂ ಇದು ನಡೆಯಬಹುದು. ನಾನು ಆಡುವವನು, ಅಪಾಯ ನನಗೊಬ್ಬನಿಗೆ ಎಂಬ ಲೆಕ್ಕ ಇಲ್ಲಿ ಕೆಲಸ ಮಾಡುವುದಿಲ್ಲ.

ಹೊರಗಿನ ಕಳ್ಳನೇ ಬರಬೇಕೆಂದೂ ಇಲ್ಲ. ಕೌಂಟರ್-ಸ್ಟ್ರೈಕ್ ಪಂದ್ಯ ನಡೆಸುವ ಇಎಸ್ಇಎ ಎಂಬ ಸಂಸ್ಥೆಯ ಆಂಟಿ-ಚೀಟ್ ಪ್ರೋಗ್ರಾಂ 2013ರಲ್ಲಿ ಆಟಗಾರರ ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿ ಗುಟ್ಟಾಗಿ ಬಿಟ್‌ಕಾಯಿನ್ ಮೈನಿಂಗ್ ಮಾಡುತ್ತಿದ್ದದ್ದು ಸಿಕ್ಕಿಬಿತ್ತು. ಸುಮಾರು 14,000 ಕಂಪ್ಯೂಟರ್‌ಗಳು. ನಮ್ಮ ಒಬ್ಬ ನೌಕರ ಮಾಡಿದ ಕೆಲಸ ಎಂದು ಸಂಸ್ಥೆ ಹೇಳಿತು. ಅಮೆರಿಕದ ನ್ಯೂಜೆರ್ಸಿ ರಾಜ್ಯ ಕೇಸು ಹಾಕಿ, ಅದೇ ವರ್ಷ 10 ಲಕ್ಷ ಡಾಲರ್‌ಗೆ ಇತ್ಯರ್ಥ ಮಾಡಿಕೊಂಡಿತು. ಬೇಲಿಯೇ ಎದ್ದು ಹೊಲ ಮೇಯ್ದ ಕತೆ. ಇಲ್ಲಿ ಕಂಪನಿಯ ಉದ್ದೇಶ ಒಳ್ಳೆಯದೇ ಇದ್ದಿರಬಹುದು. ಅಪ್‌ಡೇಟ್ ಕಳಿಸುವ ಅಧಿಕಾರ ಇರುವ ಒಬ್ಬ ಸಾಕಾಯಿತು.

ಕದಿಯುವವರು ಯಾರೂ ಇಲ್ಲದಿದ್ದರೂ ಒಂದು ತಪ್ಪು ಸಾಕು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ದೋಷವಿದ್ದ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಬಿದ್ದವು. ಅದು ಆಟದ ಕಂಪನಿಯಲ್ಲ. ಆದರೆ ಅದರ ಕೋಡ್ ಇದ್ದದ್ದು ಇದೇ ಕರ್ನೆಲ್‌ನಲ್ಲಿ.

ಕಂಪನಿಗಳ ಪರವಾಗಿಯೂ ಹೇಳಬೇಕಾದ್ದಿದೆ. ರಾಯಟ್ ವ್ಯಾನ್‌ಗಾರ್ಡ್‌ನ ದೋಷ ಹುಡುಕಿಕೊಟ್ಟವರಿಗೆ 1 ಲಕ್ಷ ಡಾಲರ್‌ವರೆಗೆ ಬಹುಮಾನ ಇಟ್ಟಿದೆ. 2025ರ ಡಿಸೆಂಬರ್‌ನಲ್ಲಿ ದೊಡ್ಡ ಬ್ರ್ಯಾಂಡ್‌ಗಳ ಮದರ್‌ಬೋರ್ಡ್‌ಗಳಲ್ಲೇ ಒಂದು ದೋಷ ಹುಡುಕಿತು. ಬೂಟ್ ಆಗುವ ಹೊತ್ತಿನ ಮೆಮೊರಿ ರಕ್ಷಣೆ ಆನ್ ಎಂದು ತೋರಿಸುತ್ತಿತ್ತು, ನಿಜವಾಗಿ ಪೂರ್ತಿ ಆನ್ ಆಗಿರುತ್ತಿರಲಿಲ್ಲ. ಅದರ ಬಯಾಸ್ ಅಪ್‌ಡೇಟ್‌ಗಳಿಂದ ಆಟ ಆಡದವರಿಗೂ ಲಾಭವಾಯಿತು. ಎಲ್ಲಕ್ಕಿಂತ ಹೆಚ್ಚಾಗಿ, ಆಟಗಾರರಲ್ಲಿ ಬಹಳ ಮಂದಿ ಇದನ್ನು ಒಪ್ಪಿಯೇ ಹಾಕಿಕೊಂಡಿದ್ದಾರೆ. ಫೇಸಿಟ್‌ನ ಪಂದ್ಯಗಳಿಗೆ ಸೇರುವವರು ಅದರ ಕಟ್ಟುನಿಟ್ಟಿನ ಆಂಟಿ-ಚೀಟ್ ಬೇಕೆಂದೇ ಅಲ್ಲಿಗೆ ಹೋಗುತ್ತಾರೆ. ಅವರ ಆಯ್ಕೆಯನ್ನು ದಡ್ಡತನ ಎಂದು ತಳ್ಳಿಹಾಕುವುದು ಸರಿಯಲ್ಲ.

ಬೇರೆ ದಾರಿಯೇ ಇಲ್ಲವಾ? ಇದೆ, ಅದನ್ನು ರಾಯಟ್ಟೇ ಮಾಡಿದೆ. ವಾಲ್‌ಹ್ಯಾಕ್ ಕೆಲಸ ಮಾಡುವುದು ಎದುರಾಳಿ ಎಲ್ಲಿದ್ದಾನೆ ಎಂಬ ಮಾಹಿತಿ ನಮ್ಮ ಕಂಪ್ಯೂಟರ್‌ಗೆ ಆಗಲೇ ಬಂದಿರುವುದರಿಂದ. ಪರದೆ ಮೇಲೆ ತೋರಿಸದಿದ್ದರೂ ಮೆಮೊರಿಯಲ್ಲಿ ಇರುತ್ತದೆ. ವ್ಯಾಲೊರಂಟ್‌ನಲ್ಲಿ ಎದುರಾಳಿ ಕಣ್ಣಿಗೆ ಬೀಳುವ ಹೊತ್ತು ಹತ್ತಿರ ಬರುವವರೆಗೂ ಸರ್ವರ್ ಅವನ ಜಾಗವನ್ನು ಕಳಿಸುವುದೇ ಇಲ್ಲ. ಇಲ್ಲದ್ದನ್ನು ಯಾವ ಚೀಟ್ ತಾನೇ ಓದೀತು? ಪೂರ್ತಿ ಗೆಲುವೂ ಅಲ್ಲ. ನೆಟ್‌ವರ್ಕ್ ತಡವಾಗುವುದರಿಂದ ಮಾಹಿತಿಯನ್ನು ಸ್ವಲ್ಪ ಮುಂಚೆಯೇ ಕಳಿಸಬೇಕಾಗುತ್ತದೆ, ಆ ಸ್ವಲ್ಪವನ್ನು ಚೀಟ್ ಬಳಸಿಕೊಳ್ಳುತ್ತದೆ. ಏಮ್‌ಬಾಟ್‌ಗೆ ಇದು ಮದ್ದೂ ಅಲ್ಲ. ಅದಕ್ಕೆ ವಾಲ್ವ್, ಆಟಗಾರರು ಗುರಿ ಹಿಡಿಯುವ ರೀತಿಯನ್ನು ಸರ್ವರ್‌ನಲ್ಲೇ ಮಶೀನ್ ಲರ್ನಿಂಗ್‌ನಿಂದ ನೋಡುವ ವ್ಯಾಕ್‌ನೆಟ್ ಕಟ್ಟಿತು. ಆದರೂ ಕೌಂಟರ್-ಸ್ಟ್ರೈಕ್ 2ರಲ್ಲಿ ಚೀಟರ್‌ಗಳ ಬಗ್ಗೆ ಗೊಣಗಾಟ ನಿಂತಿಲ್ಲ. ಸರ್ವರ್ ಕಡೆಯ ದಾರಿಗೆ ಖರ್ಚು ಜಾಸ್ತಿ, ಆಟವನ್ನು ಮೊದಲಿನಿಂದ ಹಾಗೆ ಕಟ್ಟಬೇಕು. ಡ್ರೈವರ್ ಆದರೆ ಕೊಂಡು ತಂದು ಜೋಡಿಸಬಹುದು. ಖರ್ಚು ಉಳಿಯುವುದು ಕಂಪನಿಗೆ, ಅಪಾಯ ಬರುವುದು ನಮ್ಮ ಯಂತ್ರಕ್ಕೆ.

ಅಷ್ಟು ಮಾಡಿದರೂ ಚೀಟ್ ಬರೆಯುವವರು ರಂಗೋಲಿಯ ಕೆಳಗೂ ಹೋಗಿಯಾಗಿದೆ. ಮದರ್‌ಬೋರ್ಡ್‌ಗೆ ಒಂದು ಕಾರ್ಡ್ ಸಿಕ್ಕಿಸಿ, ಆಟದ ಮೆಮೊರಿಯನ್ನು ಎರಡನೇ ಕಂಪ್ಯೂಟರ್‌ನಿಂದ ಓದುತ್ತಾರೆ. ಮೊದಲ ಕಂಪ್ಯೂಟರ್‌ನಲ್ಲಿ ಚೀಟ್ ಸಾಫ್ಟ್‌ವೇರೇ ಇರುವುದಿಲ್ಲ. ಸೆಕ್ಯೂರ್ ಬೂಟ್, ಟಿಪಿಎಂ ಎಂಬ ಹೊಸ ಷರತ್ತುಗಳು ಬಂದದ್ದು ಈ ಓಟದಲ್ಲೇ. ಈಗ ಡ್ರೈವರ್ ಹಾಕಿಕೊಂಡರೆ ಸಾಲದು, ನಿಮ್ಮ ಯಂತ್ರ ಶುರುವಿನಿಂದಲೂ ಯಾರೂ ಮುಟ್ಟದಂತೆ ಇದೆ ಎಂದು ಸಾಬೀತು ಮಾಡಬೇಕು. ಯಾರೂ ಎಂದರೆ ಅದರಲ್ಲಿ ನೀವೂ ಸೇರಿದಿರಿ. ಲಿನಕ್ಸ್ ಬಳಸುವವರಿಗೆ ಇದರ ಬಿಸಿ ಮೊದಲೇ ತಟ್ಟಿದೆ. 2024ರ ಅಕ್ಟೋಬರ್ ಕೊನೆಗೆ ಎಪೆಕ್ಸ್ ಲೆಜೆಂಡ್ಸ್ ಆಟ ಲಿನಕ್ಸ್‌ಗೆ ಬಾಗಿಲು ಹಾಕಿತು. ಲಿನಕ್ಸ್‌ನಲ್ಲೇ ಓಡುವ ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರ ಕೊಂಡವರೂ ಅದರಲ್ಲಿ ಸಿಕ್ಕಿಕೊಂಡರು.

ಆಟಗಾರರ ಮಾತು ನಡೆಯುವುದೇ ಇಲ್ಲ ಎಂದೇನೂ ಇಲ್ಲ. 2020ರ ಮೇ ತಿಂಗಳಲ್ಲಿ ಡೂಮ್ ಎಟರ್ನಲ್‌ಗೆ ಅಪ್‌ಡೇಟ್ ಮೂಲಕ ಕರ್ನೆಲ್ ಆಂಟಿ-ಚೀಟ್ ಬಂತು. ಹೆಚ್ಚಿನವರು ಒಬ್ಬರೇ ಕೂತು ಆಡುವ ಆಟ ಅದು, ದುಡ್ಡು ಕೊಟ್ಟು ಕೊಂಡಾದ ಮೇಲೆ ಬಂದ ಷರತ್ತು. ಜನ ರಿವ್ಯೂಗಳಲ್ಲಿ ಹಿಗ್ಗಾಮುಗ್ಗಾ ಬೈದರು. ಕೆಲವೇ ದಿನಗಳಲ್ಲಿ ಆಟ ಮಾಡಿದವರು ಅದನ್ನು ತೆಗೆಯುತ್ತೇವೆ ಎಂದರು, ತೆಗೆದರು. 2024ರ ಅಕ್ಟೋಬರ್‌ನಿಂದ ಆಟ ಮಾರುವ ಸ್ಟೀಮ್ ಅಂಗಡಿಯಲ್ಲಿ ಕರ್ನೆಲ್ ಆಂಟಿ-ಚೀಟ್ ಇರುವ ಆಟಗಳು ಅದನ್ನು ಪುಟದಲ್ಲೇ ಹೇಳಬೇಕು. ಕೊಳ್ಳುವ ಮುಂಚೆ ಅಲ್ಲಿ ಒಮ್ಮೆ ಕಣ್ಣಾಡಿಸಿ. ಆಟ ತೆಗೆದರೆ ಡ್ರೈವರ್ ತಾನಾಗಿ ಹೋಗುತ್ತದೆ ಎಂದುಕೊಳ್ಳಬೇಡಿ. ವ್ಯಾನ್‌ಗಾರ್ಡನ್ನು ಬೇರೆಯಾಗಿ ಅನ್‌ಇನ್‌ಸ್ಟಾಲ್ ಮಾಡಬೇಕು. ಬ್ಯಾಂಕಿನ ಕೆಲಸ, ಆಫೀಸಿನ ಕೆಲಸ ಮಾಡುವ ಕಂಪ್ಯೂಟರ್‌ನಲ್ಲೇ ಇಂಥ ಆಟ ಬೇಕಾ ಎಂದೂ ಯೋಚಿಸಿ, ಬೇರೆ ಯಂತ್ರ ಇದ್ದರೆ ಅದೇ ಒಳ್ಳೆಯದು.

ಈ ಜಗಳ ಎಲ್ಲಿ ತೀರ್ಮಾನವಾಗುತ್ತದೆ ಎಂದು ತಿಳಿಯಬೇಕಾದರೆ ಮ್ಯಾಕ್ ಕಡೆ ನೋಡಬೇಕು. ಲೀಗ್ ಆಫ್ ಲೆಜೆಂಡ್ಸ್ ಅಲ್ಲೂ ನಡೆಯುತ್ತದೆ, ಕರ್ನೆಲ್ ಡ್ರೈವರ್ ಇಲ್ಲದೆಯೇ. ಆ್ಯಪಲ್ ಹೊರಗಿನವರನ್ನು ಕರ್ನೆಲ್‌ನಿಂದ ಒಂದೊಂದೇ ಹೆಜ್ಜೆಯಾಗಿ ಆಚೆ ಕಳಿಸುತ್ತಾ ಬಂದಿದೆ. ಆ ಬಾಗಿಲು ಆಂಟಿ-ಚೀಟ್‌ನಷ್ಟೇ ಚೀಟ್‌ಗೂ ಮುಚ್ಚಿದೆ. ಕ್ರೌಡ್‌ಸ್ಟ್ರೈಕ್ ಅವಾಂತರದ ನಂತರ ಮೈಕ್ರೋಸಾಫ್ಟ್ ಆಂಟಿವೈರಸ್ ಕಂಪನಿಗಳನ್ನು ಕರ್ನೆಲ್‌ನಿಂದ ಹೊರಗೆ ತರುವ ಕೆಲಸ ಶುರು ಮಾಡಿದೆ. ಆಟದ ಕಂಪನಿಗಳ ಜೊತೆಗೂ ಮಾತಾಡುತ್ತಿದ್ದೇವೆ ಎಂದು 2025ರಲ್ಲಿ ಹೇಳಿದೆ. ಆಂಟಿ-ಚೀಟ್‌ಗಳನ್ನು ಮಾತ್ರ ಹೊರಗೆ ಕಳಿಸಿ, ದೋಷವಿರುವ ಹಳೆ ಡ್ರೈವರ್‌ಗಳನ್ನು ಹಾಗೇ ಬಿಟ್ಟರೆ ಕರ್ನೆಲ್ ಪೂರ್ತಿ ಚೀಟ್ ಮಾರುವವರ ಪಾಲಾಗುತ್ತದೆ. ಆ ಡ್ರೈವರ್‌ಗಳನ್ನು ತಡೆಯುವ ಪಟ್ಟಿ ವಿಂಡೋಸ್‌ನಲ್ಲಿ ಈಗಾಗಲೇ ಇದೆ. ಅದಕ್ಕೆ ಹೊಸ ಹೆಸರುಗಳು ಎಷ್ಟು ಬೇಗ ಸೇರುತ್ತವೆ ಎನ್ನುವುದರ ಮೇಲೆ, ಆಟದ ಕಂಪನಿಗಳಿಗೆ ಕರ್ನೆಲ್ ಬಿಟ್ಟು ಬರುವ ಧೈರ್ಯ ಬರುತ್ತದೋ ಇಲ್ಲವೋ ಎಂಬುದು ನಿಂತಿದೆ.